ನಮಿತಾ ಟೀಚರಿಗೆ ಬಂದ ಕೆಲಸ

ಕಾಸರಗೋಡು ಜಿಲ್ಲೆಯ ಕುಂಜತ್ತೂರಿನ ಪೂವಪ್ಪನವರು ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯ ಬೇರೆ ಬೇರೆ ವಿಲೇಜ್ ಆಫೀಸುಗಳಲ್ಲಿ ದುಡಿದು ನಿವೃತ್ತರಾದವರು. ಅವರ ಹುದ್ದೆಗೆ ಮೊದಲು ವಿಲೇಜ್‌ಮೇನ್ ಎಂಬ ಹೆಸರಿತ್ತು. ಆಮೇಲೆ ಸರ್ಕಾರ ಅದನ್ನು ಫೀಲ್ಡ್ ಅಸಿಸ್ಟೆಂಟ್ ಎಂದು ಬದಲಾಯಿಸಿತು. ಕೆಲಸ ಮಾತ್ರ ಬದಲಾಗಲಿಲ್ಲ. ನೋಟೀಸು ಮುಟ್ಟಿಸುವುದು, ಜಾಗ ಅಳೆಯುವಾಗ ಸರಪಳಿಯ ಒಂದು ತುದಿ ಹಿಡಿಯುವುದು, ಕಡತ ಹೊತ್ತುಕೊಂಡು ತಾಲೂಕು ಆಫೀಸಿಗೆ ಹೋಗಿ ಬರುವುದು. ಹಿಡಿದದ್ದು ಸರಪಳಿಯ ತುದಿಯೇ ಆದರೂ ಪೂವಪ್ಪನವರು ಇಡೀ ಸರ್ಕಾರವನ್ನೇ ಹಿಡಿದು ನಿಲ್ಲಿಸಿದವರ ಗಾಂಭೀರ್ಯದಲ್ಲಿ ಇರುತ್ತಿದ್ದರು. ಅವರ ಪ್ರಕಾರ ಮನುಷ್ಯರಲ್ಲಿ ಎರಡೇ ಬಗೆ. ಸರ್ಕಾರಿ ಕೆಲಸ ಸಿಕ್ಕಿದವರು ಮತ್ತು ಇನ್ನೂ ಸಿಗಬೇಕಾದವರು.

ಅವರ ಒಬ್ಬಳೇ ಮಗಳು ನಮಿತಾ ಆರು ವರ್ಷದಿಂದ ಎರಡನೆಯ ಬಗೆಯಲ್ಲಿದ್ದಳು.

ಹಾಗೆಂದು ಅವಳು ಕೈಕಟ್ಟಿ ಕೂತವಳಲ್ಲ. ಎಂ.ಎ., ಬಿ.ಎಡ್. ಮುಗಿಸಿ, ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ದಿನವೇತನದ ಮೇಲೆ ಸಮಾಜ ವಿಜ್ಞಾನ ಕಲಿಸುತ್ತಿದ್ದಳು. 2016ರ ಓಣಂ ರಜೆ ಕಳೆದ ಮೇಲೆ ಒಂದು ಶುಕ್ರವಾರ ಹೆಡ್‌ಮಾಸ್ಟರರು ಅವಳನ್ನು ಕರೆದು, ಖಾಯಂ ಟೀಚರು ಸೋಮವಾರ ಸೇರುತ್ತಾರೆ ಎಂದರು. ನಮಿತಾ ಹತ್ತನೆಯ ತರಗತಿಗೆ ಫ್ರೆಂಚ್ ಕ್ರಾಂತಿಯ ಪಾಠವನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದಳು. ರಾಜನ ತಲೆ ಇನ್ನೂ ಕುತ್ತಿಗೆಯ ಮೇಲೆಯೇ ಇತ್ತು.

"ಅದಕ್ಕೇ ಹೇಳುದು ಪಿ.ಎಸ್.ಸಿ. ಬರಿ ಅಂತ" ಎಂದರು ಪೂವಪ್ಪನವರು.

ಸರ್ಕಾರಿ ಹುದ್ದೆಗಳ ಆ ಪರೀಕ್ಷೆಯನ್ನು ನಮಿತಾ ಮೂರು ಸಲ ಬರೆದಿದ್ದಳು. ಕಾಸರಗೋಡಿನಲ್ಲಿ ಕನ್ನಡ ಬಲ್ಲವರಿಗೆಂದು ಕೆಲವು ಹುದ್ದೆಗಳಿವೆ, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲೂ ಆಗುತ್ತದೆ. ಆದರೆ ಓದಲು ಸಿಗುವ ಪುಸ್ತಕಗಳೆಲ್ಲ ಮಲಯಾಳದವು. ಅವಳು ಇಟ್ಟಿಗೆಯಷ್ಟು ದಪ್ಪದ ಒಂದು ಮಲಯಾಳ ಪುಸ್ತಕ ತಂದು, ಅಕ್ಷರ ಕೂಡಿಸಿ ಓದಿ, ಒಂದೊಂದೇ ವಿಷಯವನ್ನು ಕನ್ನಡಕ್ಕೆ ಇಳಿಸಿ ನೋಟುಪುಸ್ತಕದಲ್ಲಿ ಬರೆಯತೊಡಗಿದಳು. ಕೇರಳದಲ್ಲಿ ನದಿಗಳು ನಲವತ್ತನಾಲ್ಕು. ಪೂರ್ವಕ್ಕೆ ಹರಿಯುವವು ಮೂರು. ಅತಿ ಚಿಕ್ಕದು ಮಂಜೇಶ್ವರ ಹೊಳೆ. ಅತಿ ಚಿಕ್ಕ ಹೊಳೆ ತಮ್ಮ ಪಕ್ಕದಲ್ಲೇ ಇರುವುದರ ಬಗ್ಗೆ ಅವಳಿಗೆ ಸ್ವಲ್ಪ ಬೇಸರವಾಯಿತು.

ಈ ನೋಟುಪುಸ್ತಕದ ಮೇಲೆ ಮೊದಲು ಕಣ್ಣು ಹಾಕಿದ್ದು ನೆರೆಮನೆಯ ಜಲಜಾಕ್ಷಿ. ಅವಳಿಗೆ ಮೂವತ್ತೈದು ದಾಟಿತ್ತು. ಗಂಡ ರಿಕ್ಷಾ ಓಡಿಸುತ್ತಿದ್ದ. ಅವಳು ಮಧ್ಯಾಹ್ನದ ಮೇಲೆ ನಮಿತಾಳ ತಾಯಿ ಪ್ರೇಮಾವತಿಯ ಜೊತೆ ಕೂತು ಬೀಡಿ ಕಟ್ಟುತ್ತಿದ್ದಳು. ಪ್ಯೂನ್ ಹುದ್ದೆಯ ಪರೀಕ್ಷೆಗೆ ಅರ್ಜಿ ಹಾಕಿದ್ದಳು.

"ಓದ್ಲಿಕ್ಕೆ ಕೂತರೆ ಬೀಡಿ ಆಗುದಿಲ್ಲ, ಬೀಡಿಗೆ ಕೂತರೆ ಓದು ಆಗುದಿಲ್ಲ ಮಾರಾಯ್ತಿ" ಎಂದಳು ಒಂದು ದಿನ. "ನೀನು ಓದಿದ್ದನ್ನು ಫೋನಿನಲ್ಲಿ ಹೇಳಿ ಕಳಿಸಿದರೆ ನಾನು ಕಿವಿಯಲ್ಲಿ ಕೇಳಿಕೊಂಡು ಕೈಯಲ್ಲಿ ಕಟ್ಟಬಹುದು."

"ಎಷ್ಟು ಹೊತ್ತಿನದ್ದು ಬೇಕು ಜಲಜಕ್ಕ?"

"ಒಂದು ಕಟ್ಟು ಎಲೆ ಮುಗಿಯುವಷ್ಟು."

ಹೀಗೆ ಶುರುವಾಯಿತು. ನಮಿತಾ ಅರ್ಧರ್ಧ ಗಂಟೆಯ ಪಾಠ ಹೇಳಿ ಕಳಿಸಿದಳು. ಜಲಜಾಕ್ಷಿ ಅದನ್ನು ತವರಿನ ನಾದಿನಿಗೆ ಕಳಿಸಿದಳು, ನಾದಿನಿ ತನ್ನ ಕುಟುಂಬಶ್ರೀ ಮಹಿಳಾ ಸಂಘದವರಿಗೆ ಕಳಿಸಿದಳು. ಎರಡು ತಿಂಗಳಲ್ಲಿ ಎಲ್ಲರ ಫೋನೂ ತುಂಬಿತು. ಜಾಗ ಇಲ್ಲ, ಬೇರೆಲ್ಲಾದರೂ ಹಾಕು ಎಂದು ಅವರೇ ಹೇಳಿದ್ದರಿಂದ ನಮಿತಾ 2017ರ ಬೇಸಿಗೆಯಲ್ಲಿ ಯೂಟ್ಯೂಬಿನಲ್ಲಿ ಒಂದು ಚಾನೆಲ್ ತೆರೆದಳು. ಹೆಸರು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. 'ನಮಿತಾ ಟೀಚರ್' ಎಂದು ಬರೆದಳು. ಬರೀ ಸ್ವರ ಹಾಕಿದರೆ ಚೆನ್ನಾಗಿರುವುದಿಲ್ಲವೆಂದು ಹೊಸಂಗಡಿಯಿಂದ ಒಂದು ಸಣ್ಣ ಕರಿಹಲಗೆ ತಂದಳು. ಅಕ್ಕಿಯ ಡಬ್ಬದ ಮೇಲೆ ಫೋನು ಒರಗಿಸಿ, ಬೀಡಿ ಎಲೆ ಇಡುವ ಚಾವಡಿಯ ಮೂಲೆಯಲ್ಲಿ ನಿಂತು ಪಾಠ ಮಾಡಿದಳು. ಮನೆಯಲ್ಲಿ ಬೆಳಕು ಚೆನ್ನಾಗಿ ಬೀಳುತ್ತಿದ್ದುದು ಅಲ್ಲಿ ಮಾತ್ರ. ಆದರೆ ಪ್ರೇಮಾವತಿ ಎಲೆ ಕತ್ತರಿಸುತ್ತಿದ್ದುದೂ ಅಲ್ಲಿಯೇ.

ಮೂರನೆಯ ವಿಡಿಯೊಗೆ ಒಬ್ಬರು ಬರೆದರು: "ಟೀಚರ್, ಹಿಂದಿನಿಂದ ಕಚಕ್ ಕಚಕ್ ಅಂತ ಕೇಳ್ತದೆ. ಎಂತ ಅದು?" ಅದಕ್ಕೆ ಇನ್ನೊಬ್ಬರು, ಅದು ಮುಖ್ಯವಾದ ಪ್ರಶ್ನೆ ಬಂದಾಗ ಟೀಚರು ಮಾಡುವ ಗುರುತು ಎಂದು ಉತ್ತರಿಸಿದ್ದರು. ನಮಿತಾ ಅದನ್ನು ತಾಯಿಗೆ ಓದಿ ಹೇಳಿ, ಪಾಠದ ಹೊತ್ತಿಗೆ ಕತ್ತರಿ ನಿಲ್ಲಿಸಬಹುದಾ ಎಂದು ಕೇಳಿದಳು.

"ನಿನ್ನ ಪಾಠ ಮುಗಿಯುವ ತನಕ ಎಲೆ ಒಣಗದೆ ಇರ್ತದಾ?" ಎಂದರು ಪ್ರೇಮಾವತಿ. ಕತ್ತರಿ ನಿಲ್ಲಲಿಲ್ಲ.

ಪೂವಪ್ಪನವರಿಗೆ ಇದೆಲ್ಲ ಮಕ್ಕಳಾಟವಾಗಿ ಕಂಡಿತು. ಆ ವರ್ಷದ ಕ್ಲರ್ಕ್ ಪರೀಕ್ಷೆಯನ್ನು ನಮಿತಾ ಬರೆದು ಬಂದ ಮೇಲೂ ಚಾನೆಲ್ ಮುಂದುವರಿದಾಗ ಅವರು ಊಟದ ನಡುವೆ ಕೇಳಿದರು:

"ನಿನ್ನ ವಿಡಿಯೊ ನೋಡಿದವರಿಗೆ ಕೆಲಸ ಸಿಗ್ತದಂತೆ, ಹೌದಾ?"

"ಸಿಗಬಹುದು."

"ಹಾಗಾದ್ರೆ ನೀನೂ ಒಮ್ಮೆ ನೋಡು."

ಪ್ರೇಮಾವತಿ ನಕ್ಕರು. ನಮಿತಾ ಸಾರು ಬಡಿಸಿಕೊಂಡಳು.

ಮಾತು ತಮಾಷೆಯದಾದರೂ ಮುಂದಿನ ವರ್ಷ ಅದು ಹಾಗೆಯೇ ನಡೆಯಿತು. 2018ರ ಮಳೆಗಾಲದಲ್ಲಿ ಪ್ಯೂನ್ ಹುದ್ದೆಯ ಪಟ್ಟಿ ಬಂದಾಗ ಜಲಜಾಕ್ಷಿಯ ಹೆಸರು ಮೇಲೆಯೇ ಇತ್ತು. ಕೆಲವೇ ತಿಂಗಳಲ್ಲಿ ಅವಳಿಗೆ ಕಾಸರಗೋಡಿನ ಒಂದು ಆಫೀಸಿನಲ್ಲಿ ಕೆಲಸವಾಯಿತು. ಅವಳು ಒಂದು ಪೆಟ್ಟಿಗೆ ಲಾಡು ತಂದು ನಮಿತಾಳ ಕಾಲಿಗೆ ಬಗ್ಗಲು ಹೋದಳು. ತನಗಿಂತ ಎಂಟು ವರ್ಷ ದೊಡ್ಡವಳು ಹಾಗೆ ಮಾಡಿದ್ದಕ್ಕೆ ನಮಿತಾ ಹೆದರಿ ಅಡಿಗೆಮನೆಗೆ ಓಡಿದಳು. ಆಮೇಲೆ ಮೀಯಪದವಿನಿಂದ ಒಬ್ಬರು ಬಂದರು, ಬದಿಯಡ್ಕದಿಂದ ಅಕ್ಕತಂಗಿಯರಿಬ್ಬರು ಬಂದರು. ಆ ವರ್ಷ ಆ ಮನೆಗೆ ಏಳು ಪೆಟ್ಟಿಗೆ ಸಿಹಿ ಬಂತು. ಒಂದೂ ನಮಿತಾಳಿಗೆ ಕೆಲಸ ಸಿಕ್ಕಿದ್ದಕ್ಕಲ್ಲ. ಅವಳ ಹೆಸರೂ ಕ್ಲರ್ಕ್ ಪಟ್ಟಿಯಲ್ಲಿತ್ತು, ಆದರೆ ಕೆಳಗೆ, ಪೂವಪ್ಪನವರು ಕನ್ನಡಕ ಏರಿಸಿ ಹುಡುಕಬೇಕಾದಷ್ಟು ಕೆಳಗೆ. ಅವರು ಬೇಸರದಿಂದಲೇ ಎಲ್ಲ ಲಾಡುಗಳನ್ನು ತಿಂದರು.

ಅಷ್ಟರಲ್ಲಿ ಚಾನೆಲ್ ಬೇರೆ ದಾರಿ ಹಿಡಿದಿತ್ತು. ಭಾರತದ ಸಂವಿಧಾನದ ಬಗ್ಗೆ ಅವಳು ಮಾಡಿದ ಪಾಠವನ್ನು ವಿಜಯಪುರದ ಕಡೆಯ ಯಾರೋ ನೋಡಿ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವ ಗೆಳೆಯರಿಗೆಲ್ಲ ಹಂಚಿದ್ದರು. ಗಡಿಯ ಆಚೆಯಿಂದ ಸಾವಿರಗಟ್ಟಲೆ ಜನ ಬಂದರು. ನಮಿತಾಳ ಮನೆಯಿಂದ ಕರ್ನಾಟಕದ ಗಡಿಗೆ ನಡೆದೇ ಹೋಗಬಹುದು. ಆದರೆ ಅಲ್ಲಿಂದ ಇಷ್ಟು ಜನ ತನ್ನ ಚಾವಡಿಗೆ ಬಂದಾರು ಎಂದು ಅವಳು ಎಣಿಸಿರಲಿಲ್ಲ. "ಮೇಡಂ, ರಾಷ್ಟ್ರಪತಿಗೆ ಅಧಿಕಾರ ಉಂಟು ಅಂತೀರಲ್ಲ, ಉಂಟು ಅಂದ್ರೆ ಏನ್ರಿ?" ಎಂದು ಒಬ್ಬರು ಕೇಳಿದರು. ಅವಳು ಅವರಿಗಾಗಿ 'ಇದೆ' ಎನ್ನತೊಡಗಿದಳು. ಒಂದು ವಾರದಲ್ಲಿ ಕುಂಬಳೆಯಿಂದ ದೂರು ಬಂತು: "ಟೀಚರ್ ಈಗ ದೊಡ್ಡ ಜನ ಆಗಿದ್ದಾರೆ. ಇದೆ ಇದೆ ಅಂತ ಹೇಳ್ತಾರೆ." ಆಮೇಲೆ ಅವಳು ಒಂದು ವಾಕ್ಯದಲ್ಲಿ ಉಂಟು, ಇನ್ನೊಂದರಲ್ಲಿ ಇದೆ ಎಂದು ಇಬ್ಬರನ್ನೂ ಸಮಾಧಾನ ಮಾಡಿದಳು.

ಚಾನೆಲಿಗೆ ಸಾವಿರ ಚಂದಾದಾರರಾಗಿ, ಜನ ನೋಡಿದ್ದು ನಾಲ್ಕು ಸಾವಿರ ಗಂಟೆ ದಾಟಿದ ಮೇಲೆ ಜಾಹೀರಾತು ಬರತೊಡಗಿತು, ಸ್ವಲ್ಪ ಹಣವೂ ಬಂತು. ಮೊದಲ ಸಲ ಬಂದದ್ದರಲ್ಲಿ ಅವಳು ಫೋನು ನಿಲ್ಲಿಸುವ ಒಂದು ಸ್ಟ್ಯಾಂಡ್ ಕೊಂಡಳು. ಅಕ್ಕಿಯ ಡಬ್ಬ ಅಡಿಗೆಮನೆಗೆ ಹಿಂದಿರುಗಿತು.

ಪೂವಪ್ಪನವರು ಚಾನೆಲಿನೊಳಗೆ ಕಾಲಿಟ್ಟದ್ದು ಆ ವರ್ಷದ ನವೆಂಬರಿನಲ್ಲಿ. ಅದೂ ಸಿಟ್ಟಿನಿಂದ.

ನಮಿತಾ ಅಂದು ಕಂದಾಯ ಇಲಾಖೆಯ ಪದಗಳನ್ನು ವಿವರಿಸುತ್ತಿದ್ದಳು. ಪೋಕುವರವು ಎಂದರೆ ಜಾಗದ ರಿಜಿಸ್ಟ್ರೇಷನ್ ಎಂದು ಹೇಳಿ ಮುಂದಿನ ಪದಕ್ಕೆ ಹೋದಳು. ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತಿದ್ದ ಪೂವಪ್ಪನವರ ಕಿವಿಗೆ ಅದು ಬಿತ್ತು. ಅವರು ಕತ್ತಿ ಕೆಳಗಿಟ್ಟು, ಬರಿಮೈಯಲ್ಲಿ ಹೆಗಲ ಮೇಲೆ ಬೆವರೊರೆಸುವ ಬೈರಾಸು ಹಾಕಿಕೊಂಡು ನೇರ ಒಳಗೆ ಬಂದರು.

"ಅದು ಹಾಗಲ್ಲ" ಎಂದರು.

"ಅಪ್ಪ, ರೆಕಾರ್ಡ್ ಆಗ್ತಾ ಉಂಟು."

"ಆಗಲಿ. ತಪ್ಪು ರೆಕಾರ್ಡ್ ಆಗಬಾರದು. ರಿಜಿಸ್ಟ್ರೇಷನ್ ಅಂದ್ರೆ ಆಧಾರ, ಕ್ರಯಪತ್ರ ಬರೆಸುದು, ಅದು ಬೇರೆ ಆಫೀಸು. ನೀನು ಜಾಗ ತೆಗೊಂಡೆ, ಆಧಾರ ನಿನ್ನ ಹೆಸರಿಗೆ ಆಯ್ತು. ಆದರೆ ವಿಲೇಜ್ ಆಫೀಸಿನ ರಿಜಿಸ್ಟರಿನಲ್ಲಿ ಇನ್ನೂ ಮಾರಿದವನ ಹೆಸರೇ ಉಂಟು. ಅಲ್ಲಿ ಅವನ ಹೆಸರು ಹೋಗಬೇಕು, ನಿನ್ನ ಹೆಸರು ಬರಬೇಕು. ಹೋಗುದು ಒಂದು, ಬರುದು ಒಂದು. ಅದಕ್ಕೇ ಪೋಕು, ವರವು. ಅದು ಆಗದೆ ನೀನು ನಿಕುದಿ, ಜಾಗದ ತೆರಿಗೆ ಕಟ್ಟಲಿಕ್ಕೆ ಹೋದರೆ, ಮಾರಿದವನ ಲೆಕ್ಕಕ್ಕೆ ಹೋಗ್ತದೆ."

ಅಲ್ಲಿಗೂ ಅವರು ನಿಲ್ಲಲಿಲ್ಲ. ಯಾವ ಫಾರ್ಮು, ಜೊತೆಗೆ ಯಾವ ಕಾಗದ, ಮೊದಲು ಯಾರ ಮೇಜಿಗೆ, ಅಲ್ಲಿ ಏನು ಹೇಳುತ್ತಾರೆ, ಹಾಗೆ ಹೇಳಿದರೆ ನಾವು ಏನು ಹೇಳಬೇಕು ಎಲ್ಲ ಹೇಳಿದರು. ಹನ್ನೊಂದು ನಿಮಿಷ. ಕೊನೆಗೆ ಹಲಗೆಯ ಮೇಲೆ ಮಗಳು ಬರೆದಿದ್ದ ತಪ್ಪನ್ನು ಬೈರಾಸಿನಿಂದ ಒರೆಸಿ ಅಂಗಳಕ್ಕೆ ಹೋದರು.

ನಮಿತಾ ಅದನ್ನು ಅಳಿಸಬೇಕೆಂದಿದ್ದಳು. ಮತ್ತೊಮ್ಮೆ ನೋಡಿದಾಗ ಅಳಿಸಲು ಮನಸ್ಸು ಬರಲಿಲ್ಲ. ಇಷ್ಟು ಸ್ಪಷ್ಟವಾಗಿ ತಾನು ಯಾವತ್ತೂ ಪಾಠ ಮಾಡಿಲ್ಲ ಎನಿಸಿತು. ತನ್ನ ತಪ್ಪಿನ ಸಮೇತ ಹಾಗೆಯೇ ಹಾಕಿದಳು.

ಕಾಸರಗೋಡಿನ ಕನ್ನಡದ ಜನರಿಗೆ ವಿಲೇಜ್ ಆಫೀಸಿನ ಮಲಯಾಳ ಫಾರ್ಮುಗಳನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಹತ್ತೇ ದಿನದಲ್ಲಿ ಆ ವಿಡಿಯೊ ದುಬೈ, ಶಾರ್ಜಾ, ದಮ್ಮಾಮ್ ಎಲ್ಲ ಸುತ್ತಿತು. ಗಲ್ಫಿನಲ್ಲಿ ಕೂತು ಊರಿನ ಹತ್ತು ಸೆಂಟ್ಸ್ ಜಾಗದ ಬಗ್ಗೆ ಚಿಂತೆ ಮಾಡುವವರು ಇಷ್ಟು ಜನ ಇದ್ದಾರೆಂದು ನಮಿತಾಳಿಗೆ ಗೊತ್ತಿರಲಿಲ್ಲ. "ಬೈರಾಸು ಹಾಕಿದ ಮಾವನವರು ಇನ್ನೊಮ್ಮೆ ಬರಲಿ" ಎಂದು ಒಬ್ಬರು ಬರೆದರು. ಅದರ ಕೆಳಗೆ ನೂರಾರು ಜನ ಹೌದೆಂದರು.

"ಅಪ್ಪ, ನಿಮ್ಮನ್ನು ಕೇಳ್ತಿದ್ದಾರೆ."

"ನನಗೆ ಅದೆಲ್ಲ ಬೇಡ" ಎಂದರು ಪೂವಪ್ಪನವರು. ಸ್ವಲ್ಪ ಹೊತ್ತು ಬಿಟ್ಟು, "ಎಂತ ಕೇಳ್ತಿದ್ದಾರೆ?"

"ಜಾಗ ನಮ್ಮ ಕೈಯಲ್ಲಿ ಉಂಟು ಅಂತ ಕೈವಶ ಸರ್ಟಿಫಿಕೇಟ್ ಮಾಡಿಸುದು ಹೇಗೆ ಅಂತ."

"ಅದು ಗೊತ್ತಿಲ್ಲವಾ ಅವರಿಗೆ?" ಎಂದು ಅವರು ಮರುಕದಿಂದ ಎದ್ದು ಶರ್ಟು ಹುಡುಕಿದರು.

ಅಂದಿನಿಂದ ವಾರಕ್ಕೆರಡು ವಿಡಿಯೊ ಅವರದಾಯಿತು. ಅವರು ಬೆಳಿಗ್ಗೆ ಇಸ್ತ್ರಿ ಹಾಕಿದ ಬಿಳಿ ಶರ್ಟು ಧರಿಸಿ, ಬರೆಯುವ ಕೆಲಸ ಇಲ್ಲದಿದ್ದರೂ ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿ, ರೈಲು ಹೋಗುವ ಸದ್ದು ಮುಗಿಯುವುದನ್ನು ಕಾಯುತ್ತ ಕುರ್ಚಿಯಲ್ಲಿ ಕೂರುತ್ತಿದ್ದರು. "ಆಫೀಸಿಗೆ ಹೋಗಿ ಕೋಪ ಮಾಡಬೇಡಿ. ಕೋಪ ಮಾಡಿದರೆ ರಿಜಿಸ್ಟರ್ ಸಿಗುದಿಲ್ಲ" ಎಂಬ ಅವರ ಮಾತು ಜನರಿಗೆ ಬಾಯಿಪಾಠವಾಯಿತು. ಎಷ್ಟು ಜನ ನೋಡಿದರೆಂಬುದರಲ್ಲಿ ತನಗೆ ಆಸಕ್ತಿಯೇ ಇಲ್ಲವೆಂದು ಅವರು ಹೇಳುತ್ತಿದ್ದರು. ಆದರೆ ಬೆಳಗಿನ ಚಾ ಕುಡಿಯುವಾಗ, "ನಿನ್ನೆ ಹನ್ನೆರಡು ಸಾವಿರ. ಕುಂಜತ್ತೂರಿನಲ್ಲಿ ಅಷ್ಟು ಜನ ಉಂಟಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು.

ತಂದೆಮಗಳ ನಡುವೆ ಜಗಳವೂ ಬಂತು. ಪೂವಪ್ಪನವರು ಯಾವ ಫಾರ್ಮಿನ ಬಗ್ಗೆ ಹೇಳಹೊರಟರೂ 1987ರಲ್ಲಿ ಬಂಬ್ರಾಣದಲ್ಲಿ ಜಾಗ ಅಳೆಯುವಾಗ ಸರಪಳಿ ಹೊಳೆಗೆ ಬಿದ್ದ ಕತೆಗೆ ಹೋಗಿ ಮುಟ್ಟುತ್ತಿದ್ದರು. ನಮಿತಾ ಅದನ್ನು ಮೂರು ಸಲ ಕತ್ತರಿಸಿ ತೆಗೆದಳು. ಮೂರನೆಯ ಸಲ ಅವರು ಕೇಳಿಯೇಬಿಟ್ಟರು.

"ಬಂಬ್ರಾಣದ್ದು ಎಲ್ಲಿ?"

"ತೆಗೆದೆ. ಅಷ್ಟು ಉದ್ದ ಆದರೆ ಜನ ನೋಡುದಿಲ್ಲ ಅಪ್ಪ."

"ಅದರಲ್ಲೇ ಇರುದು ವಿಷಯ."

ಅವರು ಒಂದು ದಿನ ಮಾತಾಡಲಿಲ್ಲ. ಪ್ರೇಮಾವತಿ ಇಬ್ಬರಿಗೂ ಬೇರೆ ಬೇರೆಯಾಗಿ ಚಾ ಕೊಟ್ಟು, "ಮದುವೆಯಾದಂದಿನಿಂದ ಆ ಸರಪಳಿಯ ಕತೆ ಕೇಳ್ತಿದ್ದೇನೆ. ನನ್ನ ಕಿವಿಯಿಂದಲೂ ಯಾರಾದರೂ ಕತ್ತರಿಸಿ ತೆಗೆದರೆ ಒಳ್ಳೆದಿತ್ತು" ಎಂದರು. ಮರುದಿನ ರಾಜಿಯಾಯಿತು.

2019 ಶುರುವಾಗುವ ಹೊತ್ತಿಗೆ ನಮಿತಾಳಿಗೆ ತಿಂಗಳಿಗೆ ಬರುತ್ತಿದ್ದುದು ಶಾಲೆಯಲ್ಲಿ ಸಿಗುತ್ತಿದ್ದುದಕ್ಕಿಂತ ಹೆಚ್ಚಾಗಿತ್ತು. ಬೆಳಿಗ್ಗೆ ಪಾಠ ಬರೆಯುವುದು, ಹನ್ನೊಂದರ ಒಳಗೆ ರೆಕಾರ್ಡ್ ಮಾಡುವುದು, ಮಧ್ಯಾಹ್ನ ಅದನ್ನು ಕತ್ತರಿಸಿ ಜೋಡಿಸುವುದು, ಸಂಜೆ ಜನರ ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಸೋಮವಾರದಿಂದ ಬರಬೇಡ ಎನ್ನುವವರು ಇಲ್ಲಿ ಯಾರೂ ಇರಲಿಲ್ಲ. ಕ್ಲರ್ಕ್ ಪಟ್ಟಿಯಲ್ಲಿ ಕರೆ ಯಾವ ಹೆಸರಿನವರೆಗೆ ಬಂತೆಂದು ನೋಡದೆ ಎಷ್ಟೋ ವಾರವಾಗಿದೆ ಎಂಬುದು ಅವಳಿಗೆ ಒಂದು ದಿನ ತಟ್ಟನೆ ನೆನಪಾಯಿತು. ನೆನಪಾದ ಮೇಲೂ ಅವಳು ನೋಡಲಿಲ್ಲ.

ನೋಡುವ ಅಗತ್ಯವೂ ಬರಲಿಲ್ಲ. ಮಾರ್ಚಿನಲ್ಲಿ ಅಂಚೆಯ ಗಂಗಾ ಒಂದು ರಿಜಿಸ್ಟರ್ಡ್ ಲಕೋಟೆ ತಂದಳು. ಪೂವಪ್ಪನವರು ಕುರ್ಚಿಯಲ್ಲಿ ಕೂತು ಕುಟುಂಬದ ಜಾಗವನ್ನು ಪಾಲು ಮಾಡುವ ವಿಷಯ ಹೇಳುತ್ತಿದ್ದರು. ನಮಿತಾ ಸಹಿ ಹಾಕಿ ಒಡೆದು ನೋಡಿದಳು. ಕಂದಾಯ ಇಲಾಖೆಯಲ್ಲಿ ಕ್ಲರ್ಕ್ ಹುದ್ದೆಗೆ ಅವಳ ಹೆಸರನ್ನು ಪಿ.ಎಸ್.ಸಿ. ಶಿಫಾರಸು ಮಾಡಿತ್ತು. ಇನ್ನು ಇಲಾಖೆಯಿಂದ ನೇಮಕದ ಆದೇಶ ಬರುವುದಷ್ಟೇ ಬಾಕಿ.

ಅವಳು ಕಾಗದವನ್ನು ತಂದೆಯ ಕೈಗೆ ಕೊಟ್ಟಳು. ಅವರು ಮೂರು ಸಲ ಓದಿದರು. ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬಂದು ನಾಲ್ಕನೆಯ ಸಲ ಓದಿದರು. ಅದೇ ಇಲಾಖೆ. ತಾನು ಹೊರಗೆ ಸ್ಟೂಲಿನ ಮೇಲೆ ಕೂರುತ್ತಿದ್ದಲ್ಲಿ ಮಗಳು ಒಳಗೆ ಮೇಜಿನ ಹಿಂದೆ ಕೂರುವುದು ಅವರ ಕಣ್ಣಿಗೆ ಕಟ್ಟಿತು.

ಮೊದಲು ಮಾತಾಡಿದ್ದು ಪ್ರೇಮಾವತಿ. "ಕೆಲಸಕ್ಕೆ ಸೇರಿದ ಮೇಲೂ ಇದನ್ನು ಮಾಡಬಹುದಾ?"

"ಸರ್ಕಾರಿ ನೌಕರರು ಅನುಮತಿ ಇಲ್ಲದೆ ಬೇರೆ ಸಂಪಾದನೆ ಮಾಡುವ ಹಾಗಿಲ್ಲ" ಎಂದರು ಪೂವಪ್ಪನವರು. ಆ ನಿಯಮವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹಾಗಾದ್ರೆ ನಿಲ್ಲಿಸಬೇಕು."

"ನಿಲ್ಲಿಸಬೇಕು. ಇಲ್ಲದಿದ್ದರೆ ಅನುಮತಿಗೆ ಬರೆಯಬೇಕು." ಅಂಥ ಅರ್ಜಿಗಳ ಕಡತವನ್ನು ಅವರು ಹೊತ್ತವರೇ. ಅವು ಎಷ್ಟು ನಿಧಾನವಾಗಿ ನಡೆಯುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

"ನನಗೆ ಹೋಗಲಿಕ್ಕೆ ಮನಸ್ಸಿಲ್ಲ" ಎಂದಳು ನಮಿತಾ.

ಪೂವಪ್ಪನವರು ಅವಳನ್ನು ನೋಡಿದರು. ಮಗಳಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗಿತ್ತು ಆ ನೋಟ. ಆಮೇಲೆ ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು, ಆದೇಶ ಬರಲಿ, ಆಮೇಲೆ ನೋಡುವ ಎಂದು ಹೊರಗೆ ಹೋದರು. ಪಾಲು ಪತ್ರದ ವಿಡಿಯೊ ಆ ದಿನ ಅರ್ಧಕ್ಕೆ ನಿಂತಿತು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಚಾನೆಲಿನ ಫೋನು ಬಡಿಯಿತು. ನಮಿತಾ ಸ್ನಾನಕ್ಕೆ ಹೋಗಿದ್ದಳು. ಜನರ ಸಂಶಯ ಪರಿಹರಿಸುವ ಹೊಣೆಯನ್ನು ತಾವೇ ವಹಿಸಿಕೊಂಡಿದ್ದ ಪೂವಪ್ಪನವರು ಫೋನು ಎತ್ತಿದರು.

"ಟೀಚರ್ ಇದ್ದಾರಾ?" ಹುಡುಗಿಯ ಸ್ವರ.

"ಇದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ. ಪೋಕುವರವಾ, ಕೈವಶವಾ?"

"ಎರಡೂ ಅಲ್ಲ ಸರ್. ನಾನು ಕಾರಡ್ಕದಿಂದ ಭವ್ಯಶ್ರೀ ಅಂತ. ಕ್ಲರ್ಕ್ ಪಟ್ಟಿಯಲ್ಲಿ ಟೀಚರ ಹೆಸರಿನ ಕೆಳಗೆ ಇರುದು ನನ್ನ ಹೆಸರು. ಟೀಚರ್ ಸೇರ್ತಾರಾ ಅಂತ ಕೇಳುವ ಅಂತ."

ಪೂವಪ್ಪನವರ ಸ್ವರ ಬಿಗಿಯಾಯಿತು. "ಅದೆಲ್ಲ ಫೋನು ಮಾಡಿ ಕೇಳುವ ವಿಷಯವಾ?"

"ಅಲ್ಲ ಸರ್. ಗೊತ್ತುಂಟು. ಕೇಳಬಾರದು ಅಂತ ಒಂದು ತಿಂಗಳು ಸುಮ್ಮನಿದ್ದೆ. ಅವರು ಸೇರದಿದ್ದರೆ ಅದು ನನಗೆ ಬರ್ತದೆ, ಅದಕ್ಕೆ." ಭವ್ಯಶ್ರೀ ಕಾಸರಗೋಡಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬಸ್ಸಿನಲ್ಲಿ ಹೋಗುತ್ತ ಬರುತ್ತ ನಮಿತಾಳ ಪಾಠ ಕೇಳಿ ಪರೀಕ್ಷೆ ಬರೆದವಳು. "ಟೀಚರ್ ಇಲ್ಲದಿದ್ದರೆ ನನ್ನ ಹೆಸರು ಪಟ್ಟಿಯಲ್ಲೇ ಬರ್ತಿರಲಿಲ್ಲ. ಅವರ ಕೆಳಗೆ ಬಂದದ್ದು ಒಳ್ಳೆದೇ ಆಯ್ತು. ಮೇಲೆ ಬಂದಿದ್ದರೆ ಮರ್ಯಾದೆ ಆಗ್ತಿರಲಿಲ್ಲ."

ಪೂವಪ್ಪನವರು ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.

"ಮತ್ತೆ ಸರ್, ನಿಮ್ಮ ವಿಡಿಯೊ ನೋಡಿ ನಮ್ಮ ಅಮ್ಮನ ಜಾಗದ ಪೋಕುವರವು ನಾನೇ ಮಾಡಿಸಿದೆ. ಫಾರ್ಮಿನಲ್ಲಿ ಒಂದು ತಪ್ಪೂ ಇಲ್ಲ, ಯಾರು ಬರೆದುಕೊಟ್ಟದ್ದು ಅಂತ ಆಫೀಸಿನಲ್ಲಿ ಕೇಳಿದರು."

"ನೀನು ಎಂತ ಹೇಳಿದೆ?"

"ಕುಂಜತ್ತೂರಿನ ಸರ್ ಅಂತ ಹೇಳಿದೆ."

ಮೂವತ್ತನಾಲ್ಕು ವರ್ಷದಲ್ಲಿ ಯಾವ ವಿಲೇಜ್ ಆಫೀಸಿನಲ್ಲಿಯೂ ಪೂವಪ್ಪನವರನ್ನು ಯಾರೂ ಸರ್ ಎಂದು ಕರೆದಿರಲಿಲ್ಲ. ಪೂವಪ್ಪ, ನೀರು ತಾ. ಪೂವಪ್ಪ, ಆ ಕಡತ ಎಲ್ಲಿ. ಅವರು ಟೀಚರಿಗೆ ಹೇಳುತ್ತೇನೆಂದು ಫೋನು ಇಟ್ಟರು.

ಆದರೆ ಎರಡು ದಿನ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದರು. ಪ್ರೇಮಾವತಿಯ ಹೊಟ್ಟೆಯಲ್ಲಿ ಅದು ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ನಮಿತಾ ನೇರ ತಂದೆಯ ಹತ್ತಿರ ಬಂದಳು. ಅವರು ಚಾವಡಿಯಲ್ಲಿ ಕೂತು ಹಳೆಯ ಶರ್ಟಿಗೆ ಗುಂಡಿ ಹಾಕುತ್ತಿದ್ದರು.

"ನೀನು ಆ ಹುಡುಗಿಗೋಸ್ಕರ ಬಿಡ್ತೇನೆ ಅಂತ ಹೇಳಿದರೆ ನಾನು ಒಪ್ಪುದಿಲ್ಲ" ಎಂದರು, ಅವಳು ಬಾಯಿ ತೆರೆಯುವ ಮೊದಲೇ.

"ಅವಳಿಗೋಸ್ಕರ ಅಲ್ಲ. ಅವಳು ಫೋನು ಮಾಡುವ ಮೊದಲೇ ಹೇಳಿದ್ದೇನೆ. ನನಗೆ ಈ ಕೆಲಸ ಇಷ್ಟ."

"ಇದು ಕೆಲಸವಾ?"

"ಕೆಲಸ ಅಲ್ಲದಿದ್ದರೆ ನೀವು ಬೆಳಿಗ್ಗೆ ಎದ್ದು ಇಸ್ತ್ರಿ ಶರ್ಟು ಹಾಕುದು ಯಾಕೆ?"

ಪೂವಪ್ಪನವರು ಕೈಯಲ್ಲಿದ್ದ ಶರ್ಟನ್ನು ನೋಡಿಕೊಂಡರು.

"ನಾಳೆ ಜನ ನೋಡದಿದ್ದರೆ?"

"ಆಗಬಹುದು. ಆಗ ಪಾಠ ಮಾಡ್ಲಿಕ್ಕೆ ಬೇರೆ ಜಾಗ ಹುಡುಕಬೇಕು. ಹೆದರಿಕೆ ಇಲ್ಲ ಅಂತ ನಾನು ಹೇಳುದಿಲ್ಲ ಅಪ್ಪ. ಆದರೆ ಆರು ವರ್ಷ ನಾನು ಬರೆದ ಪರೀಕ್ಷೆಗಿಂತ ಈ ಎರಡು ವರ್ಷ ಮಾಡಿದ ಪಾಠ ಚೆನ್ನಾಗಿತ್ತು. ಅದು ನಿಮಗೂ ಗೊತ್ತುಂಟು."

ಅವರು ಸೂಜಿಯನ್ನು ಶರ್ಟಿಗೆ ಚುಚ್ಚಿ ಎದ್ದರು. ಸರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಂದು ಸಂಜೆ ಸಮುದ್ರದ ಕಡೆಗೆ ನಡೆದು ಹೋದವರು ಕತ್ತಲಾಗುವಾಗ ಒಂದು ಕಿಲೊ ಬೂತಾಯಿ ಮೀನು ಹಿಡಿದುಕೊಂಡು ಬಂದರು.

ಮೇ ತಿಂಗಳಲ್ಲಿ ಆದೇಶ ಬಂತು. ಸೇರಬೇಕಾದ ಕೊನೆಯ ದಿನಾಂಕವೂ ಅದರಲ್ಲಿತ್ತು. ಸುಮ್ಮನೆ ಹೋಗದೆ ಇದ್ದರೂ ಆಗುತ್ತಿತ್ತು. ಆದರೆ ಹಾಗೆ ಮಾಡಿದರೆ ಹುದ್ದೆ ಖಾಲಿಯೆಂದು ಆಫೀಸಿನವರು ಮೇಲಕ್ಕೆ ತಿಳಿಸಲು ಎಷ್ಟು ತಿಂಗಳು ಎಳೆಯುತ್ತಾರೋ ಹೇಳಲಾಗದು. ಒಂದು ಅರ್ಜಿ ಬರೆದು ಕಳಿಸಿದರೆ ಬೇಗ ಆಗುತ್ತದೆ ಎಂದು ಹೇಳಿದವರು ಪೂವಪ್ಪನವರೇ.

"ನೀನು ಬರೆದರೆ ಸರಿಯಾಗುದಿಲ್ಲ. ಕಾಗದ ತಾ" ಎಂದರು.

ಅವರು ಮೇಜಿನ ಮುಂದೆ ಕೂತು ಕಿಸೆಯ ಎರಡು ಪೆನ್ನುಗಳಲ್ಲಿ ಒಳ್ಳೆಯದನ್ನು ಆರಿಸಿದರು. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿಯೇ ಬರೆಯುವ ಹಕ್ಕಿದೆ, ಕನ್ನಡದಲ್ಲಿಯೇ ಬರೆಯುತ್ತೇನೆ ಎಂದರು. ಬರೆದ ಮೇಲೆ, ಯಾಕೆ ಸುಮ್ಮನೆ ತಡವಾಗುವುದು ಎಂದು ಮಲಯಾಳದಲ್ಲಿ ಒಂದು ಪ್ರತಿಯನ್ನೂ ಮಾಡಿದರು. ಮೂರು ಸಲ ಹರಿದು ಬರೆದರು. ನಾಲ್ಕನೆಯದನ್ನು ಮಗಳಿಗೆ ಓದಿ ಹೇಳಿದರು.

"ಅನಿವಾರ್ಯ ಕಾರಣಗಳಿಂದಾಗಿ ಸದರಿ ಹುದ್ದೆಗೆ ಸೇರಲು ಅಸಾಧ್ಯವಾಗಿರುವುದರಿಂದ..."

"ಅನಿವಾರ್ಯ ಎಂತದ್ದು ಅಪ್ಪ?" ಎಂದಳು ನಮಿತಾ. "ಸ್ವಂತ ಇಚ್ಛೆಯಿಂದ ಅಂತ ಬರೀರಿ."

ಪೂವಪ್ಪನವರ ಪೆನ್ನು ಕಾಗದದ ಮೇಲೆ ನಿಂತಿತು. ಹಾಗೆ ಬರೆದ ಅರ್ಜಿಯನ್ನು ಅವರು ತಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಒಂದು ಹೊಸ ಹಾಳೆ ತೆಗೆದು, ಒಂದೊಂದೇ ಅಕ್ಷರವನ್ನು ಗುಂಡಗೆ, ಸಾವಕಾಶವಾಗಿ ಬರೆದರು. ಸ್ವಂತ ಇಚ್ಛೆಯಿಂದ. ಅಡಿಯಲ್ಲಿ ಮಗಳು ಸಹಿ ಹಾಕುವ ಜಾಗಕ್ಕೆ ಚುಕ್ಕಿಗಳನ್ನೂ ಹಾಕಿ, ಇಲ್ಲಿ ಎಂದು ತೋರಿಸಿದರು.

ಸುದ್ದಿ ಊರಿಗೆ ತಿಳಿದ ಮೇಲೆ ಅವರ ದೊಡ್ಡಪ್ಪನ ಮಗ ಭುಜಂಗಣ್ಣ ಸಂತಾಪ ಸೂಚಿಸುವ ಮುಖದಲ್ಲಿ ಬಂದರು. ಚಾ ಕುಡಿದು, ನಿಟ್ಟುಸಿರು ಬಿಟ್ಟು, "ಬಂದ ಸರ್ಕಾರಿ ಕೆಲಸವನ್ನು ಯಾರಾದರೂ ಬಿಡ್ತಾರಾ ಪೂವಪ್ಪ, ನೀನಾದರೂ ಹೇಳಬಾರದಿತ್ತಾ?" ಎಂದರು.

"ಅವಳಿಗೆ ಕೆಲಸ ಉಂಟಲ್ಲ" ಎಂದರು ಪೂವಪ್ಪನವರು. ಅಷ್ಟು ಸಲೀಸಾಗಿ ಆ ಮಾತು ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು.

ಭುಜಂಗಣ್ಣ ತಲೆಯಾಡಿಸಿದರು. ಆಮೇಲೆ ಬಗಲಿನ ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ಕಾಗದ ಹೊರತೆಗೆದು, "ಹೇಗೂ ಬಂದೆ, ಇದೊಂದು ನಿಕುದಿಯ ವಿಷಯ ನೋಡು" ಎಂದರು.

ಭವ್ಯಶ್ರೀಗೆ ಆದೇಶ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಅವಳನ್ನು ಹಾಕಿದ್ದು ಒಳನಾಡಿನ ಒಂದು ವಿಲೇಜ್ ಆಫೀಸಿಗೆ. ಅವಳು ಸೇರಿದ ದಿನ ಬೆಳಿಗ್ಗೆ ಹತ್ತೂವರೆಗೆ ನಮಿತಾ ಹಲಗೆ ಒರೆಸಿ, ಮೋಡ ಸರಿದು ಬೆಳಕು ಬಂದುದನ್ನು ನೋಡಿ ಸ್ಟ್ಯಾಂಡ್ ಸರಿಮಾಡಿಕೊಂಡು ನಿಂತಿದ್ದಳು. ಪೂವಪ್ಪನವರು ಕುರ್ಚಿಯಲ್ಲಿ ತಯಾರಾಗಿ ಕೂತಿದ್ದರು. ಆಗ ಫೋನು ಬಡಿಯಿತು.

"ಸರ್, ನಾನು ಭವ್ಯಶ್ರೀ. ಆಫೀಸಿನ ಜಗಲಿಯಿಂದ ಮಾತಾಡ್ತಿದ್ದೇನೆ." ಸ್ವರ ಪಿಸುಗುಡುತ್ತಿತ್ತು. "ಇಲ್ಲಿ ಒಂದು ಕಪಾಟು ತುಂಬ ರಿಜಿಸ್ಟರ್ ಉಂಟು. ಯಾವುದು ಎಂತದ್ದು ಅಂತಲೇ ಗೊತ್ತಾಗುದಿಲ್ಲ. ಕೇಳಲಿಕ್ಕೆ ನಾಚಿಕೆ ಆಗ್ತದೆ."

"ಹೆದರಬೇಡ ಮಗಾ" ಎಂದರು ಪೂವಪ್ಪನವರು. "ಮೇಲಿನ ಸಾಲಿನಿಂದ ಶುರು ಮಾಡುವ. ಎಡಬದಿಯಲ್ಲಿ ಕೆಂಪು ಬೆನ್ನಿನದ್ದು ಉಂಟಾ? ಹಾಂ, ಅದು. ಅದನ್ನು ಈಗ ಮುಟ್ಟಬೇಡ. ಅದರ ಪಕ್ಕದ್ದು ತೆಗಿ."

ನಮಿತಾ ಕಿಟಕಿಯ ಕಡೆ ಬೆರಳು ಮಾಡಿ, ಬೆಳಕು ಹೋಗುತ್ತದೆ ಎಂದು ಸನ್ನೆ ಮಾಡಿದಳು. ಅವರು ಅವಳತ್ತ ನೋಡದೆ, ಸ್ವಲ್ಪ ಇರು ಎಂದು ಕೈ ಎತ್ತಿ ತೋರಿಸಿ, ಫೋನು ಹಿಡಿದುಕೊಂಡು ಅಂಗಳಕ್ಕೆ ಇಳಿದರು. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಮೋಡ ಮತ್ತೆ ಕವಿಯಿತು. ಅವಳು ಸ್ಟ್ಯಾಂಡ್ ಮಡಿಸಿ ಮೂಲೆಯಲ್ಲಿಟ್ಟು, ಕುರ್ಚಿ ಎಳೆದುಕೊಂಡು ನಾಳಿನ ಪಾಠ ಬರೆಯಲು ಕೂತಳು.